ಆಟಿಯ ಕೋಳಿಸಾವಿಗೆ ಬೇಸಿಗೆಯಲ್ಲೇ ಮಾಡಬೇಕಾದ ಸಿದ್ಧತೆ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ, ಅಡಿಕೆ ತೋಟದ ನಡುವೆ ಇದೆ. ಕಳೆದ ವರ್ಷ ಒಂದು ಹುಂಜವೂ ಸೇರಿ ಎಂಟು ಊರಕೋಳಿಗಳು, ಗ್ರಾಮಶ್ರೀ ತಳಿಯ ಆರು ಹೇಂಟೆಗಳು ನಮ್ಮಲ್ಲಿದ್ದವು. ಮಳೆಗಾಲದ ಆಟಿ ತಿಂಗಳಲ್ಲಿ ಹಿರಿಯರಿಗೆ ಅಗೆಲು (ಎಡೆ) ಬಡಿಸಲೆಂದು ಸಂತೆಯಿಂದ ಎರಡು ಹುಂಜಗಳನ್ನು ತಂದು ಮೂರು ದಿನ ಅದೇ ಗೂಡಿನಲ್ಲಿ ಇಟ್ಟಿದ್ದೆವು. ಮುಂದಿನ ವಾರ ಒಂದು ಹೇಂಟೆ ತೂಕಡಿಸತೊಡಗಿತು, ಹಸಿರು ಮಿಶ್ರಿತ ಬಿಳಿ ಭೇದಿಯಾಯಿತು. ಒಂಬತ್ತು ದಿನಗಳಲ್ಲಿ ಹನ್ನೊಂದು ಕೋಳಿಗಳು ಸತ್ತವು. ಅರಶಿನ, ಬೆಳ್ಳುಳ್ಳಿ, ಕಾಳುಮೆಣಸು ಅರೆದು ಕೊಟ್ಟೆ; ಮೆಡಿಕಲ್‌ನಿಂದ ಮಾತ್ರೆಯನ್ನೂ ತಂದು ಕೊಟ್ಟೆ. ಗ್ರಾಮಶ್ರೀ ಮರಿಗಳಿಗೆ ಲಸಿಕೆ ಹಾಕಿದೆ ಎಂದು ಮಾರಿದವರು ಹೇಳಿದ್ದರು, ಆದರೆ ಅವೂ ಉಳಿಯಲಿಲ್ಲ. ಗೂಡಿಗೇ ದೋಷವಿದೆ, ಸುಟ್ಟುಬಿಡಿ ಎಂದು ನೆರೆಯವರು ಹೇಳುತ್ತಾರೆ. ಈಗ ಮಕರ ಸಂಕ್ರಮಣ ಕಳೆದಿದೆ, ಮತ್ತೆ ಸಾಕಬೇಕೆಂದಿದ್ದೇನೆ. ಯಾವಾಗ, ಹೇಗೆ ಆರಂಭಿಸಲಿ? ಗೂಡು ಹಟ್ಟಿಗೆ ತಾಗಿಕೊಂಡಿದ್ದು, ಒಂದು ದನ, ಎರಡು ಆಡುಗಳಿವೆ, ಒಟ್ಟಿಗಿದ್ದರೆ ತೊಂದರೆಯೇ? ಉಳಿದ ಮೂರು ಕೋಳಿಗಳಲ್ಲಿ ಒಂದರ ಕೊರಳು ಇನ್ನೂ ಓರೆಯಾಗಿಯೇ ಇದೆ. ಅದನ್ನು ಏನು ಮಾಡಲಿ?

ಉತ್ತರ: ನೀವು ಬರೆದಿರುವ ಲಕ್ಷಣಗಳು, ಸಾವು ಹರಡಿದ ವೇಗ ಮತ್ತು ಉಳಿದ ಕೋಳಿಯ ಓರೆ ಕೊರಳು, ಇವು ಮೂರೂ ರಾಣಿಖೇತ ರೋಗದತ್ತಲೇ ಬೊಟ್ಟು ಮಾಡುತ್ತವೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಕಾಣಿಸಿಕೊಂಡ ರೋಗವೇ ಅದಾದ ಕೆಲಕಾಲದಲ್ಲಿ ನಮ್ಮ ದೇಶದ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿಯೂ ಗುರುತಿಸಲ್ಪಟ್ಟಿತು, ಆ ಊರಿನ ಹೆಸರೇ ಇಲ್ಲಿ ಉಳಿದುಕೊಂಡಿತು. ಇದು ವೈರಸ್ಸಿನಿಂದ ಬರುವ ರೋಗ. ಬಂದ ಮೇಲೆ ಇದನ್ನು ಗುಣಪಡಿಸುವ ಔಷಧ ಇಲ್ಲ. ನೀವು ತಂದ ಮಾತ್ರೆ ಆಂಟಿಬಯೋಟಿಕ್ ಆಗಿದ್ದಿರಬಹುದು, ಅದು ವೈರಸ್ಸನ್ನು ಮುಟ್ಟುವುದಿಲ್ಲ. ಅರಶಿನ, ಬೆಳ್ಳುಳ್ಳಿಗಳಿಂದ ಕೇಡೇನೂ ಆಗಿಲ್ಲ, ಆದರೆ ಅವುಗಳಿಂದ ಕೋಳಿ ಬದುಕುತ್ತಿರಲಿಲ್ಲ. ಆದ್ದರಿಂದ ಸರಿಯಾದ ಮದ್ದು ಕೊಡಲಿಲ್ಲವಲ್ಲ ಎಂಬ ಕೊರಗನ್ನು ದಯವಿಟ್ಟು ಬಿಟ್ಟುಬಿಡಿ. ಆ ಒಂಬತ್ತು ದಿನಗಳಲ್ಲಿ ನಾನೇ ನಿಮ್ಮ ಅಂಗಳದಲ್ಲಿ ನಿಂತಿದ್ದರೂ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ. ಮಾಡಬೇಕಾಗಿದ್ದ ಕೆಲಸದ ಕಾಲ ಮಳೆ ಹಿಡಿಯುವ ಮೊದಲೇ ಮುಗಿದುಹೋಗಿತ್ತು.

ರೋಗ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ವೈರಸ್ ದೇಹ ಸೇರಿದ ಮೇಲೆ ಲಕ್ಷಣ ತೋರಲು ಸಾಮಾನ್ಯವಾಗಿ ಐದಾರು ದಿನಗಳು ಬೇಕು, ಕೆಲವೊಮ್ಮೆ ಎರಡೇ ದಿನ ಸಾಕು, ಕೆಲವೊಮ್ಮೆ ಹದಿನೈದು ದಿನವೂ ಆಗಬಹುದು. ಸಂತೆಯ ಬುಟ್ಟಿಯಲ್ಲಿ ಹತ್ತಾರು ಊರಿನ ಕೋಳಿಗಳೊಂದಿಗೆ ಮೈಗೆ ಮೈ ತಾಗಿಸಿಕೊಂಡಿದ್ದ ಹುಂಜ ನೋಡಲು ಗಟ್ಟಿಮುಟ್ಟಾಗಿ ಕಾಣುತ್ತಲೇ ರೋಗವನ್ನು ಹೊತ್ತು ತರಬಲ್ಲದು. ಅವು ಮೂರು ದಿನ ನಿಮ್ಮ ಕೋಳಿಗಳೊಂದಿಗೆ ಒಂದೇ ಪಾತ್ರೆಯ ನೀರು ಕುಡಿದವು, ಒಂದೇ ನೆಲದಲ್ಲಿ ಹಿಕ್ಕೆ ಹಾಕಿದವು. ಮುಂದಿನ ವಾರ ಮೊದಲ ಹೇಂಟೆ ತೂಕಡಿಸಿದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಅಗೆಲು, ದೈವಗಳ ತಂಬಿಲ, ಕೋಲಗಳಿಗಾಗಿ ಕೋಳಿ ತರುವುದು ನಮ್ಮ ಭಾಗದ ಮನೆಗಳಲ್ಲಿ ಇದ್ದದ್ದೇ. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆದರೆ ಹೊರಗಿನಿಂದ ಬಂದ ಕೋಳಿಯನ್ನು ಗೂಡಿನ ಹತ್ತಿರಕ್ಕೂ ಒಯ್ಯಬಾರದು. ಮನೆಯ ಇನ್ನೊಂದು ಮಗ್ಗುಲಲ್ಲಿ ಬುಟ್ಟಿ ಕವುಚಿ ಬೇರೆಯೇ ಇಡಬೇಕು. ಅದಕ್ಕೆ ನೀರಿಟ್ಟ ಪಾತ್ರೆಯನ್ನು ಮನೆಯ ಕೋಳಿಗಳಿಗೆ ಬಳಸಬಾರದು. ಮನೆಯ ಕೋಳಿಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿಗೆ ಹೋಗಬೇಕು. ಕೊಯ್ದ ಮೇಲೆ ಪುಕ್ಕ, ಕರುಳುಗಳನ್ನು ಆಳವಾಗಿ ಹೂಳಬೇಕು. ಸಾಕಲೆಂದೇ ತಂದ ಕೋಳಿಯಾದರೆ ಕನಿಷ್ಠ ಮೂರು ವಾರ ಹೀಗೆ ಬೇರೆಯಿಡಿ. ಅಂಕಕ್ಕೆ (ಕೋಳಿಕಾಳಗಕ್ಕೆ) ಹೋಗಿ ಬಂದ ಹುಂಜವೂ ಸಂತೆಯ ಕೋಳಿಗೆ ಸಮವೇ. ಅಂಥ ಹುಂಜ ನೆರೆಮನೆಯಲ್ಲಿದ್ದರೆ ನಿಮ್ಮ ಅಂಗಳಕ್ಕೆ ಬಾರದಂತೆ ನೋಡಿಕೊಳ್ಳಿ.

ಲಸಿಕೆ ಹಾಕಿದ ಗ್ರಾಮಶ್ರೀ ಏಕೆ ಸತ್ತವು ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದುದು. ಮಾರಿದವರು ಸುಳ್ಳು ಹೇಳಿದರೆಂದು ತಿಳಿಯಬೇಕಾಗಿಲ್ಲ. ಮರಿ ಹುಟ್ಟಿದ ಮೊದಲ ವಾರದಲ್ಲಿ, ಸಾಮಾನ್ಯವಾಗಿ ಐದರಿಂದ ಏಳನೆಯ ದಿನದೊಳಗೆ, ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸಿಕೆ ಬಿಡುತ್ತಾರೆ. ನಾಲ್ಕನೆಯ ವಾರದ ಸುಮಾರಿಗೆ ಲಾಸೋಟ ಎಂಬ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಮತ್ತೊಮ್ಮೆ ಕೊಡುತ್ತಾರೆ. ಇವೆರಡೂ ಸೌಮ್ಯ ಲಸಿಕೆಗಳು. ಮರಿಯ ಎಳೆಯ ದೇಹಕ್ಕೆ ಅವೇ ತಕ್ಕವು, ಆದರೆ ಅವುಗಳಿಂದ ಬಂದ ರಕ್ಷಣೆ ಕೆಲವೇ ತಿಂಗಳುಗಳಲ್ಲಿ ಕುಂದುತ್ತದೆ. ಎಂಟು ವಾರ ತುಂಬಿದ ಮೇಲೆ ರೆಕ್ಕೆಯ ಅಡಿಯ ಚರ್ಮದೊಳಗೆ ಚುಚ್ಚುವ ಆರ್‌2ಬಿ ಎಂಬ ಲಸಿಕೆಯೊಂದಿದೆ. ಕುಮಾವೂನ್ ಬೆಟ್ಟಗಳದ್ದೇ ಆದ ಮುಕ್ತೇಶ್ವರದ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. ಬೆಳೆದ ಕೋಳಿಯನ್ನು ನಿಜವಾಗಿ ಕಾಯುವುದು ಅದು. ಮರಿ ಮಾರುವವರ ಕೈಯಿಂದ ನಲವತ್ತೈದನೆಯ ದಿನಕ್ಕೋ ಎರಡು ತಿಂಗಳಿಗೋ ಮರಿ ನಿಮ್ಮ ಕೈಗೆ ಬರುತ್ತದೆ, ಅಂದರೆ ಈ ಮೂರನೆಯ ಲಸಿಕೆಯ ಹೊಣೆ ಬಹುಮಟ್ಟಿಗೆ ನಿಮ್ಮ ಮೇಲೆಯೇ ಬೀಳುತ್ತದೆ. ಮರಿ ಕೊಳ್ಳುವಾಗ ಲಸಿಕೆ ಹಾಕಿದೆಯೇ ಎಂದಷ್ಟೇ ಕೇಳದೆ, ಯಾವ ಯಾವ ಲಸಿಕೆ, ಯಾವ ದಿನ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಹಾಗಾದರೆ ನಮ್ಮ ಊರುಗಳಲ್ಲಿ ಈ ಲಸಿಕೆ ಏಕೆ ಹಾಕಿಸಿಕೊಳ್ಳುವುದಿಲ್ಲ? ಉದಾಸೀನವೇ ಕಾರಣ ಎಂದು ಬಹಳ ಜನ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಲಸಿಕೆಯ ಶೀಸೆ ಬರುವುದೇ ನೂರು ಕೋಳಿಗಳ ಲೆಕ್ಕದಲ್ಲಿ. ಅದನ್ನು ದ್ರಾವಣದಲ್ಲಿ ಕರಗಿಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಉಳಿದದ್ದು ಕೆಲಸಕ್ಕೆ ಬಾರದು. ಹದಿನಾಲ್ಕು ಕೋಳಿಗಳಿರುವ ಒಂದು ಮನೆಯವರು ಮೃಗಾಸ್ಪತ್ರೆಗೆ ಹೋಗಿ ಕೇಳಿದರೆ ಇನ್ನಷ್ಟು ಜನ ಸೇರಲಿ ಎಂಬ ಉತ್ತರ ಬರುವುದು ಇದೇ ಕಾರಣಕ್ಕೆ. ಮನೆಗೊಂದು ಗುಡ್ಡ, ಗುಡ್ಡಕ್ಕೊಂದು ತೋಟ ಎಂಬಂತೆ ಚದರಿಕೊಂಡಿರುವ ನಮ್ಮ ಕಡೆ ಆ ಇನ್ನಷ್ಟು ಜನ ತಾವಾಗಿ ಸೇರುವುದೇ ಇಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನ ಮೊದಲ ಬಿನ್ನಹ ಇದು: ಮರಿ ತರುವ ಮೊದಲು ನಿಮ್ಮ ಸುತ್ತಿನ ಎಂಟು ಹತ್ತು ಮನೆಗಳ ಕೋಳಿಗಳನ್ನು ಎಣಿಸಿ. ಅರವತ್ತೋ ಎಂಬತ್ತೋ ಆದರೆ ಆ ಪಟ್ಟಿಯನ್ನು ಹಿಡಿದುಕೊಂಡು ಪಂಚಾಯತಿನ ಮೃಗಾಸ್ಪತ್ರೆಗೆ ಹೋಗಿ ಒಂದು ದಿನವನ್ನು ಗೊತ್ತುಮಾಡಿ. ನಿಮ್ಮ ಕೋಳಿಗೆ ಮಾತ್ರ ಲಸಿಕೆ ಹಾಕಿಸಿ ತೋಡಿನ (ಹಳ್ಳದ) ಆಚೆಯ ಮನೆಯನ್ನು ಬಿಟ್ಟರೆ ರೋಗ ಅಲ್ಲಿ ಬೇರೂರಿ ನಿಮ್ಮ ಹೊಸ ಮರಿಗಳಿಗಾಗಿ ಕಾಯುತ್ತಿರುತ್ತದೆ.

ದಿನ ಗೊತ್ತುಮಾಡುವಾಗ ಹಿಂದಿನಿಂದ ಎಣಿಸಿ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಎಲ್ಲ ಕೋಳಿಗಳಲ್ಲಿಯೂ ರಕ್ಷಣೆ ಬೆಳೆದಿರಬೇಕು. ಲಸಿಕೆ ಹಾಕಿದ ಮೇಲೆ ಅದಕ್ಕೆ ಸುಮಾರು ಎರಡು ವಾರ ಬೇಕು. ಲಸಿಕೆಗೆ ಒಂದು ವಾರ ಮೊದಲು ಹೊಟ್ಟೆಹುಳದ ಔಷಧ ಕೊಡಬೇಕು. ಹುಳ ತುಂಬಿದ ಕೋಳಿಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ಏಪ್ರಿಲ್ ತಿಂಗಳು, ವಿಷು ಕಳೆದ ಕೂಡಲೇ, ತಕ್ಕ ಸಮಯ. ರಾಣಿಖೇತ ಮಳೆಗಾಲಕ್ಕೇ ಕಟ್ಟುಬಿದ್ದ ರೋಗವಲ್ಲ, ಸುಡುಬೇಸಿಗೆಯಲ್ಲಿಯೂ ಅದು ಬರುತ್ತದೆ. ಆದರೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಕೋಳಿ ಒದ್ದೆಗೂಡು, ಕೊರೆವ ಚಳಿ, ಬೂಷ್ಟು ಹಿಡಿದ ಆಹಾರಗಳಿಂದ ಮೊದಲೇ ಬಳಲಿರುತ್ತದೆ. ಆಗ ಬಂದ ರೋಗಕ್ಕೆ ಅದು ಬೇಗನೆ ಸೋಲುತ್ತದೆ. ಲಸಿಕೆಯನ್ನು ಎಷ್ಟು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕೆಂಬುದನ್ನು ನಿಮ್ಮ ಊರಿನ ಪಶುವೈದ್ಯರು ಗೊತ್ತುಮಾಡುತ್ತಾರೆ.

ಲಸಿಕೆಯ ದಿನ ಕೆಲವು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕು. ಶೀಸೆಯನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆಯ ನಡುವೆಯೇ ತರಬೇಕು; ಅಂಗಿಯ ಜೇಬಿನಲ್ಲಿಟ್ಟು ತಂದ ಲಸಿಕೆಯನ್ನು ನಂಬಲಾಗದು. ಕೋಳಿಗಳನ್ನು ಹಿಂದಿನ ಸಂಜೆಯೇ ಗೂಡಿನಲ್ಲಿ ಕೂಡಿಹಾಕಿ, ಬೆಳಕು ಹರಿಯುವ ಮೊದಲೇ ಒಂದೊಂದಾಗಿ ಹಿಡಿಯುವುದು ಸುಲಭ. ಒಬ್ಬರು ಕೋಳಿಯನ್ನು ಎದೆಗೊತ್ತಿ ಹಿಡಿದು ರೆಕ್ಕೆಯನ್ನು ಬಿಡಿಸಿದರೆ ಅದರ ಅಡಿಯಲ್ಲಿ ಪುಕ್ಕವಿಲ್ಲದ ತೆಳು ಚರ್ಮ ಕಾಣುತ್ತದೆ. ಅಲ್ಲಿ ಅರ್ಧ ಮಿಲಿಲೀಟರ್ ಚುಚ್ಚಿದಾಗ ಚರ್ಮದಡಿ ಸಣ್ಣ ಉಬ್ಬು ಎದ್ದರೆ ಮದ್ದು ಸರಿಯಾದ ಜಾಗಕ್ಕೆ ಹೋಗಿದೆ ಎಂದು ತಿಳಿಯಬೇಕು. ಮರಿಯ ಕಣ್ಣಿಗೆ ಬಿಡುವಾಗ ತೊಟ್ಟು ಬಿದ್ದ ಕೂಡಲೇ ಮರಿಯನ್ನು ಕೆಳಗಿಡಬೇಡಿ. ಅದು ಒಮ್ಮೆ ರೆಪ್ಪೆ ಬಡಿದು ಹನಿ ಒಳಗೆ ಇಂಗಿದ ಮೇಲೆಯೇ ಬಿಡಿ. ನೀರಿನಲ್ಲಿ ಕೊಡುವ ಲಸಿಕೆಗೆ ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರನ್ನೂ ನಲ್ಲಿಯ ನೀರನ್ನೂ ಬಳಸಬಾರದು, ಕ್ಲೋರಿನ್ ಲಸಿಕೆಯನ್ನು ಕೊಂದುಬಿಡುತ್ತದೆ. ಕೊಡುವವರ ಕಣ್ಣಿಗೆ ಲಸಿಕೆ ಸಿಡಿದರೆ ಕಣ್ಣು ಕೆಂಪಾಗಿ ಕೆಲವು ದಿನ ನೋಯಬಹುದು, ಆದ್ದರಿಂದ ಕೂಡಲೇ ತೊಳೆದುಕೊಳ್ಳಬೇಕು. ಆರ್‌2ಬಿ ಹಾಕಿದ ಮೇಲೆ ಕೆಲವು ಕೋಳಿಗಳು ಎರಡು ಮೂರು ದಿನ ಮಂಕಾಗಬಹುದು, ಮೊಟ್ಟೆಯೂ ಕಡಿಮೆಯಾಗಬಹುದು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಕೋಳಿಯಾದರೂ ರೋಗದ ಲಕ್ಷಣ ತೋರಿಸುತ್ತಿದ್ದರೆ ಅಂದು ಲಸಿಕೆ ಬೇಡ. ನನ್ನ ವೃತ್ತಿಯ ಆರಂಭದಲ್ಲಿ, ಬೇಡಿಕೊಂಡರೆಂಬ ಕರುಣೆಯಿಂದ, ಎರಡು ಕೋಳಿ ಆಗಲೇ ಸತ್ತಿದ್ದ ಮನೆಯಲ್ಲಿ ಉಳಿದವಕ್ಕೆ ಲಸಿಕೆ ಚುಚ್ಚಿ ಬಂದೆ. ನಾಲ್ಕು ದಿನಗಳಲ್ಲಿ ಗೂಡು ಬರಿದಾಯಿತು. ರೋಗ ಆಗಲೇ ಅವುಗಳ ಒಳಗಿತ್ತು. ಒಂದೇ ಸೂಜಿಯಿಂದ ಅದನ್ನು ಒಂದರಿಂದ ಇನ್ನೊಂದಕ್ಕೆ ನಾನೇ ದಾಟಿಸಿದೆನೋ ಎಂಬ ನೋವು ನನಗೆ ಇಂದಿಗೂ ಇದೆ. ಅಂದು ಒಂದು ಸತ್ತ ಕೋಳಿಯನ್ನು ಸೀಳಿ ನೋಡಿದಾಗ ಜಠರದ ಒಳಗೋಡೆಯ ಗ್ರಂಥಿಗಳ ತುದಿಯಲ್ಲಿ ಸೂಜಿಮೊನೆಯಷ್ಟೇ ದೊಡ್ಡ ಕೆಂಪು ಚುಕ್ಕೆಗಳು ಸಾಲಾಗಿ ಕಂಡವು. ಅವನ್ನು ನೋಡಬೇಕಾಗಿದ್ದದ್ದು ಲಸಿಕೆಗೆ ಮೊದಲು.

ಇನ್ನು ಗೂಡು. ನೆರೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸುಡಬೇಕಾದುದು ಗೂಡನ್ನಲ್ಲ, ಗೂಡಿನೊಳಗಿನ ಹಳೆಯ ಉಮಿ, ತರಗೆಲೆ, ಒಣಗಿದ ಹಿಕ್ಕೆ, ಅಡಿಕೆ ಹಾಳೆಯ ತುಂಡುಗಳನ್ನು. ಈ ವೈರಸ್ ತಂಪಿನಲ್ಲಿ, ಹಿಕ್ಕೆಯ ಮರೆಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ಬಿಸಿಲಿಗೂ ಒಣಹವೆಗೂ ಬೇಗ ಸಾಯುತ್ತದೆ. ಗೂಡನ್ನು ಬೋಳಾಗುವಷ್ಟು ಕೆರೆದು, ವಾಷಿಂಗ್ ಸೋಡ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒಣಗಿದ ಮೇಲೆ ಸುಣ್ಣ ಬಳಿದು, ಮಾಡಿನ (ಚಾವಣಿಯ) ಒಂದು ಬದಿಯನ್ನು ತೆಗೆದು ಬಿಸಿಲು ಒಳಗೆ ಬೀಳುವಂತೆ ಒಂದು ತಿಂಗಳು ಬಿಟ್ಟುಬಿಡಿ. ಈಗಿನ ಬಿಸಿಲಿಗಿಂತ ಒಳ್ಳೆಯ ಔಷಧ ಅಂಗಡಿಯಲ್ಲಿ ಸಿಗದು. ಕಳೆದ ವರ್ಷ ಸತ್ತ ಕೋಳಿಗಳನ್ನು ಎಲ್ಲಿ ಹಾಕಿದಿರೆಂದು ನೀವು ಬರೆದಿಲ್ಲ. ಮುಂದೆಂದಾದರೂ ಅಂಥ ಸಂದರ್ಭ ಬಂದರೆ ತೋಡಿಗೆ ಎಸೆಯಬೇಡಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಮೃಗಾಸ್ಪತ್ರೆಗೆ ಅಂದೇ ತಿಳಿಸಿ. ಹಕ್ಕಿಜ್ವರವೂ ನೋಡಲು ಹೀಗೆಯೇ ಇರುತ್ತದೆ, 2014ರಲ್ಲಿ ಆಲಪ್ಪುಳದ ಬಾತುಕೋಳಿಗಳಲ್ಲಿ ಅದು ಬಂದದ್ದು ನಿಮಗೆ ನೆನಪಿರಬಹುದು. ಇವೆರಡನ್ನು ಬರಿಗಣ್ಣಿನಿಂದ ಬೇರ್ಪಡಿಸಲಾಗದು.

ಗೂಡನ್ನು ಮರಳಿ ಕಟ್ಟುವಾಗ ಹಟ್ಟಿಯ ಗೋಡೆಯಿಂದ ಬಿಡಿಸಿ, ನೆಲದಿಂದ ಎರಡೂವರೆ ಅಡಿ ಎತ್ತರಿಸಿ. ಅಡಿಕೆ ಮರವನ್ನು ಸೀಳಿದ ರೀಪುಗಳನ್ನು ಬೆರಳಿನಷ್ಟು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಬರುತ್ತದೆ. ಹೆಬ್ಬಾವು, ಪುನುಗು ಬೆಕ್ಕು, ಕೀರಿಗಳ ಭಯವಿರುವುದರಿಂದ ಆ ರೀಪುಗಳ ಕೆಳಗೂ ಸುತ್ತಲೂ ಅರ್ಧ ಇಂಚು ಕಣ್ಣಿನ ತಂತಿಬಲೆ ಇರಲಿ. ಕೋಳಿಯೊಂದಕ್ಕೆ ಎರಡು ಚದರ ಅಡಿ ಜಾಗ ಸಾಕು. ಇರುಚಲು ತಡೆಯಲೆಂದು ನಾವು ನಾಲ್ಕೂ ಬದಿಗೆ ಟಾರ್ಪಾಲು ಕಟ್ಟಿಬಿಡುತ್ತೇವೆ, ಅದು ದೊಡ್ಡ ತಪ್ಪು. ಮಾಡನ್ನು ಎರಡಡಿ ಹೊರಗೆ ಚಾಚಿ, ಮೇಲಿನ ಒಂದಡಿಯನ್ನು ತೆರೆದೇ ಬಿಡಬೇಕು. ಸರಿಯಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ: ಮಳೆಗಾಲದ ಒಂದು ಮುಂಜಾನೆ, ಕೋಳಿಗಳನ್ನು ಬಿಡುವ ಮೊದಲು, ಅವು ಕೂರುವ ಎತ್ತರಕ್ಕೆ ನಿಮ್ಮ ಮುಖವನ್ನು ತಂದು ನಾಲ್ಕು ಬಾರಿ ಉಸಿರೆಳೆದುಕೊಳ್ಳಿ, ನಿಮ್ಮ ಕಣ್ಣು ಉರಿದರೆ ರಾತ್ರಿಯಿಡೀ ಅವುಗಳ ಕಣ್ಣು, ಶ್ವಾಸಕೋಶಗಳು ಅದನ್ನೇ ಅನುಭವಿಸಿವೆ. ಮರಿಗಳನ್ನು ನೆಲದ ಮೇಲೆ ಉಮಿ ಹಾಸಿ ಬೆಳೆಸುವುದಾದರೆ ದಿನವೂ ಒಂದು ಹಿಡಿ ಉಮಿಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಕೈ ಬಿಚ್ಚಿದಾಗ ಉದುರಿಹೋದರೆ ಸರಿ, ಉಂಡೆಯಾಗಿ ನಿಂತರೆ ಬದಲಿಸಬೇಕು. ಒದ್ದೆ ಉಮಿಯಲ್ಲಿ ಬೆಳೆಯುವ ಪರೋಪಜೀವಿಯಿಂದ ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿಯಾಗುತ್ತದೆ. ಅದಕ್ಕೆ ಔಷಧವಿದೆ, ತಡಮಾಡದೆ ವೈದ್ಯರನ್ನು ಕಾಣಿ.

ತಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಎರಡೂ ಇರಲಿ. ಗ್ರಾಮಶ್ರೀ ಕೇರಳದ ಮಣ್ಣುತ್ತಿಯಲ್ಲಿ ರೂಪುಗೊಂಡ ತಳಿ, ಸರಿಯಾದ ಆಹಾರವಿದ್ದರೆ ವರ್ಷಕ್ಕೆ ನೂರೆಂಬತ್ತರ ಸುಮಾರಿಗೆ ಮೊಟ್ಟೆ ಇಡಬಲ್ಲದು, ಆದರೆ ಕಾವಿಗೆ ಕೂರುವ ಗುಣ ಅದಕ್ಕೆ ಇಲ್ಲವೆಂದೇ ಹೇಳಬಹುದು. ಊರಕೋಳಿ ಅರವತ್ತು ಎಂಬತ್ತು ಮೊಟ್ಟೆಯಿಟ್ಟರೂ ಇಪ್ಪತ್ತೊಂದು ದಿನ ಕದಲದೆ ಕೂತು ಮರಿ ಮಾಡುತ್ತದೆ, ಗಿಡುಗನನ್ನು ಕಂಡರೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುತ್ತದೆ. ಆರು ಗ್ರಾಮಶ್ರೀ, ಮೂರು ಊರ ಹೇಂಟೆ, ಒಂದು ಹುಂಜ, ಇಷ್ಟರಿಂದ ಆರಂಭಿಸಿ. ಆಹಾರದ ಬಗ್ಗೆ ಒಂದೇ ಎಚ್ಚರಿಕೆ: ಬೂಷ್ಟು ಹಿಡಿದ ಹಿಂಡಿ, ನುಚ್ಚು, ಜೋಳವನ್ನು ಒಣಗಿಸಿದರೂ ಕೊಡಬೇಡಿ. ಬೂಷ್ಟು ಹೋದರೂ ಅದು ಬಿಟ್ಟ ವಿಷ ಹೋಗುವುದಿಲ್ಲ, ಅದು ಯಕೃತ್ತನ್ನು ಕೆಡಿಸಿ ಲಸಿಕೆಯ ಫಲವನ್ನೂ ಕುಗ್ಗಿಸುತ್ತದೆ.

ನಮ್ಮ ತೋಟಗಳಿಗೇ ವಿಶೇಷವಾದ ಅಪಾಯವೊಂದಿದೆ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆಂದು ಅಡಿಕೆಗೆ ಮದ್ದು ಬಿಡುತ್ತೇವೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಎಲೆಗೆ ಅಂಟಿದ ಮೇಲೆ ಅಷ್ಟು ಅಪಾಯಕಾರಿಯಲ್ಲ. ಆದರೆ ಸುಣ್ಣ ಬೆರೆಸುವ ಮೊದಲು ಬಕೆಟಿನಲ್ಲಿ ಕರಗಿಸಿಟ್ಟ ನೀಲಿ ನೀರು, ಡ್ರಮ್ಮು ತೊಳೆದು ಚೆಲ್ಲಿದ ಗುಂಡಿಯ ನೀರು, ಇವನ್ನು ಬಾಯಾರಿದ ಕೋಳಿ ಕುಡಿದರೆ ತಾಮ್ರದ ವಿಷಕ್ಕೆ ಬಲಿಯಾಗುತ್ತದೆ, ಆಡೂ ಅಷ್ಟೇ. ಮದ್ದು ಬಿಡುವ ದಿನವೂ ಮರುದಿನವೂ ಕೋಳಿ, ಆಡುಗಳು ಕಟ್ಟಿನಲ್ಲೇ ಇರಲಿ.

ಹಟ್ಟಿ ಮತ್ತು ಗೂಡು ಪರಸ್ಪರ ಶತ್ರುಗಳಲ್ಲ. ಹಗಲು ಕೋಳಿ ಸಗಣಿ ಕೆದಕಿ ಹುಳ ತಿನ್ನುವುದರಿಂದ ನೊಣ ಕಡಿಮೆಯಾಗುತ್ತದೆ, ಮಲಗಿದ ದನದ ಮೈಯಿಂದ ಉಣ್ಣಿ ಹೆಕ್ಕುವುದನ್ನೂ ನೀವು ಕಂಡಿರಬಹುದು. ರಾತ್ರಿ ಮಾತ್ರ ಅವು ಹಟ್ಟಿಯ ಅಟ್ಟದ ಮೇಲೆ ಕೂರಬಾರದು. ಹಿಕ್ಕೆ ಬಿದ್ದ ಬೈಹುಲ್ಲು ದನದ ಹೊಟ್ಟೆಗೆ ಒಳ್ಳೆಯದಲ್ಲ. ಇದಕ್ಕಿಂತ ಹೆಚ್ಚು ಆಡಿನ ಬಗ್ಗೆ ಜಾಗ್ರತೆ ಬೇಕು. ಕೋಳಿಯ ಆಹಾರದ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆ ತುಂಬ ಕಾಳು ತಿಂದ ಆಡು, ಅದು ಹೊಟ್ಟೆಯಲ್ಲಿ ಹುಳಿಯೇರಿ, ಒಂದೆರಡು ದಿನಗಳಲ್ಲಿ ಸಾಯಬಹುದು. ಚೀಲವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ.

ಕೊನೆಗೆ, ಓರೆ ಕೊರಳಿನ ಆ ಕೋಳಿ. ರೋಗ ನರಗಳಿಗೆ ಮಾಡಿದ ಗಾಯ ಅದು, ಆರು ತಿಂಗಳಾದ ಮೇಲೂ ಇದೆಯೆಂದರೆ ಇನ್ನು ನೇರವಾಗುವ ನಿರೀಕ್ಷೆ ಕಡಿಮೆ. ಆದರೆ ಇಷ್ಟು ಕಾಲ ಕಳೆದಿರುವುದರಿಂದ ಅದರಿಂದ ಬೇರೆ ಕೋಳಿಗಳಿಗೆ ರೋಗ ಹರಡುವ ಭಯವಿಲ್ಲ, ಅದನ್ನು ಕೊಲ್ಲಬೇಕಾದ ಕಾರಣವೂ ಇಲ್ಲ. ಚಪ್ಪಟೆ ತಟ್ಟೆಯಲ್ಲಿಟ್ಟ ಕಾಳನ್ನು ಅದು ಗುರಿಯಿಟ್ಟು ಕುಟ್ಟಲಾರದು. ಅಂಗೈ ಆಳದ ಗಟ್ಟಿ ಬಟ್ಟಲಿನಲ್ಲಿ ನೆನೆಸಿದ ತೌಡು, ನುಚ್ಚು ಹಾಕಿ, ಉಳಿದವು ಬಂದು ಕಸಿಯದಂತೆ ಬೇರೆಯೇ ಇಟ್ಟುಕೊಡಿ. ನೀರಿನ ಪಾತ್ರೆಯನ್ನು ಅದರ ಎದೆಯ ಎತ್ತರಕ್ಕೆ ಕಲ್ಲಿನ ಮೇಲಿಡಿ. ಏಪ್ರಿಲ್‌ನಲ್ಲಿ ಲಸಿಕೆ ಹಾಕಿಸುವಾಗ ಉಳಿದವುಗಳೊಂದಿಗೆ ಅದಕ್ಕೂ ಹಾಕಿಸಿ.